ಚಿಕ್ಕತಾಯಮ್ಮನ ಗಿರಣಿಗೆ ಗಾಳಿ ಬಂದದ್ದು

ನಮ್ಮೂರಲ್ಲಿ ಗಾಳಿ ಇಲ್ಲ. ಉಸಿರಾಡುವುದಕ್ಕೆ ಎಷ್ಟು ಬೇಕೋ ಅಷ್ಟಿದೆ, ಬೀಸುವ ಗಾಳಿ ಇಲ್ಲ. ಫ್ಯಾನ್ ಹಾಕಿದರೆ ರೆಕ್ಕೆ ತಿರುಗುತ್ತದೆ, ಕೆಳಗೆ ಕೂತವರ ಒಂದು ಕೂದಲೂ ಅಲುಗುವುದಿಲ್ಲ. ತಂತಿಯ ಮೇಲೆ ಹರವಿದ ಸೀರೆ ಹೇಗೆ ಹರವಿದ್ದೆವೋ ಹಾಗೇ ಸಂಜೆತನಕ ನೇತುಬಿದ್ದಿರುತ್ತದೆ. ಶಾಲೆಯ ಮೇಷ್ಟ್ರು ಬಾವುಟದ ಅಂಚಿಗೆ ಕಡ್ಡಿ ಇಟ್ಟು ಹೊಲಿಸುತ್ತಾರೆ. ಹೊರಗಿನಿಂದ ಬಂದವರು "ಅಯ್ಯೋ, ಹೆಂಗ್ರೀ ಇರ್ತೀರಾ ಇಲ್ಲಿ?" ಅಂತ ಮೂಗಿನ ಮೇಲೆ ಬೆರಳಿಡುತ್ತಾರೆ. ಇರುತ್ತೇವಪ್ಪ, ಇನ್ನೇನು ಮಾಡುವುದು. ಅತ್ತೆಯ ಕಾಟವಿರುವ ಮನೆಯಲ್ಲಿ ಸೊಸೆಯಂದಿರು ಇರುವುದಿಲ್ಲವೇ.

ಹೀಗಿರುವಾಗ ಫೋನಿನಲ್ಲಿ ಕೋಟೆ ಅನ್ನುವ ಆಟ ಬಂತು. ನಿಮ್ಮೂರಿಗೂ ಬಂದಿರುತ್ತದೆ. ಎಲ್ಲೆಲ್ಲಿಯದೋ ಜನ ಒಂದೇ ಹೊತ್ತಿಗೆ ಸೇರಿಕೊಂಡು ಗೋಡೆ ಕಟ್ಟುವುದು, ಇನ್ನೊಂದು ಗುಂಪಿನವರು ನುಗ್ಗಿ ಬಂದು ಕೆಡವುವುದು, "ಬಾಗ್ಲು ಹಾಕ್ರೋ, ಬಾಗ್ಲು ಹಾಕ್ರೋ" ಅಂತ ಫೋನಿಗೆ ಬಾಯಿಟ್ಟು ಕೂಗುವುದು. ಹೊಸಬರು ಸೇರುವಾಗ ಕೋಟೆಯ ಹೆಬ್ಬಾಗಿಲಲ್ಲಿ ಒಂದು ಪ್ರಶ್ನೆ ಇರುತ್ತದೆ, ನಿಮ್ಮನ್ನು ಕರೆತಂದ ಸ್ನೇಹಿತರು ಯಾರು ಅಂತ. ಒಬ್ಬರು ಒಂದೇ ಸಲ, ಒಂದೇ ಹೆಸರು ಬರೆಯಬಹುದು, ಬರೆದರೆ ಕರೆತಂದವರಿಗೆ ಬಹುಮಾನ. ಬೇರೆ ಊರುಗಳಲ್ಲಿ ಆ ಬಹುಮಾನ ಫೋನಿನೊಳಗೇ ಉಳಿಯುತ್ತದೆ, ಒಂದು ಬಿಳಿ ಕುದುರೆಯೋ, ಚಿನ್ನದ ಹಿಡಿಯ ಕತ್ತಿಯೋ. ನಮ್ಮೂರಲ್ಲಿ ಕುದುರೆಯ ಜೊತೆಗೆ ಗಾಳಿಯೂ ಬಂತು. ನಿಜವಾದ ಗಾಳಿ, ಹಿಂಬಾಗಿಲಿಂದ ನುಗ್ಗಿ ಮುಂಬಾಗಿಲಿಂದ ಹೊರಡುವ ಗಾಳಿ, ವಾರಗಟ್ಟಲೆ ಇರುವಂಥದ್ದು. ಆಮೇಲೆ ಕುದುರೆ ಯಾರಿಗೆ ಬೇಕು ಹೇಳಿ.

ಊರಿಗೆ ಊರೇ ಒಬ್ಬರನ್ನೊಬ್ಬರು ಕರೆತಂದಿತು. ಬಸ್ಸಿನಿಂದ ಇಳಿದ ಅಪರಿಚಿತರನ್ನೂ ಕೈಹಿಡಿದು ಎಳೆದು ಹೆಸರು ಬರೆಸಿದರು, ಎಲೆಯೂ ಅಲ್ಲಾಡಲಿಲ್ಲ. ಸ್ನೇಹ ಇದ್ದರೆ ಮಾತ್ರ ಗಾಳಿ, ಸ್ನೇಹ ಎಷ್ಟೋ ಗಾಳಿ ಅಷ್ಟು. ಇದರಿಂದ ಆದ ಅವಮಾನ ಒಂದೆರಡಲ್ಲ. ಒಬ್ಬ ಅಳಿಯ ಮಾವನ ಹೆಸರು ಬರೆದ, ಮಾವನ ಮನೆಯ ಕ್ಯಾಲೆಂಡರಿನ ಹಾಳೆ ಕೂಡ ಕದಲಲಿಲ್ಲ. ಅವರಿಬ್ಬರೂ ಈಗ ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ. ಹೆಣ್ಣು ನೋಡಲು ಹೋದವರು "ಹುಡುಗಿ ಕೋಟೆಗೆ ಸೇರಿಲ್ಲ ತಾನೆ?" ಅಂತ ಜಾತಕಕ್ಕಿಂತ ಮುಂಚೆ ಕೇಳತೊಡಗಿದರು. ಗಾಳಿ ಬಂದ ಮನೆಗೂ ಒಂದು ಕಟ್ಟಳೆ ಹುಟ್ಟಿಕೊಂಡಿತು. ಬಂದ ನೆಂಟರನ್ನು ಬಿಟ್ಟು ಮನೆಯವರು ತಿರುಗಾಡಲು ಹೋಗುತ್ತಾರೆಯೇ? ಹೆಸರು ಬರೆಸಿಕೊಂಡವರು ಬಾಗಿಲುಗಳನ್ನೆಲ್ಲ ತೆರೆದಿಟ್ಟು ನಡುಮನೆಯಲ್ಲಿ ಕೂರಬೇಕು, ಗಾಳಿ ತಾನಾಗಿ ಹೋಗುವತನಕ ಹೊಸ್ತಿಲು ದಾಟಕೂಡದು. ಎಲ್ಲರೂ ಅದನ್ನು ಶ್ರದ್ಧೆಯಿಂದ ಪಾಲಿಸಿದೆವು.

ಹೀಗೆ ಕರೆಯುತ್ತ ಕರೆಯುತ್ತ ಒಂದು ದಿನ ಕರೆಯಲು ಜನವೇ ಮುಗಿದುಹೋದರು. ಆಗ ಎಲ್ಲರಿಗೂ ಹೊಳೆಯಿತು, ಗಿರಣಿ ಚಿಕ್ಕತಾಯಮ್ಮ ಇನ್ನೂ ಸೇರಿಲ್ಲ ಅಂತ. ಯಾಕೆ ಸೇರಿಲ್ಲ ಅಂದರೆ, ಅವಳನ್ನು ಯಾರೂ ಕರೆದಿರಲಿಲ್ಲ.

ಅವಳ ಹಿಟ್ಟಿನ ಗಿರಣಿ ನನ್ನ ಫ್ಯಾನ್ಸಿ ಸ್ಟೋರಿನ ಎದುರಿಗೇ ಇದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಾಳೆ. ಬೆಳಿಗ್ಗೆ ಮಿಷನ್ ಹಾಕಿದರೆ ಅದರ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಗಿರಾಕಿಗಳು ಹೆಬ್ಬೆರಳಿಂದ ತೋರುಬೆರಳು ಉಜ್ಜಿದರೆ ನುಣ್ಣಗೆ ಬೀಸಬೇಕು, ಮುಷ್ಟಿ ಹಿಡಿದು ತೋರಿಸಿದರೆ ತರಿತರಿ. ಅಷ್ಟರಲ್ಲೇ ವ್ಯವಹಾರ ಮುಗಿಯುತ್ತಿತ್ತು. ಗದ್ದಲದ ಮೇಲೆ ಕೂಗಿ ಕೂಗಿ ಅವಳ ದನಿ ಎತ್ತರವಾಗಿತ್ತು. "ಊಟ ಆಯ್ತಾ?" ಅಂತ ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತಿತ್ತು. ಹಾಗಾಗಿ ಗಯ್ಯಾಳಿ ಅಂತ ಹೆಸರು ಬಿತ್ತು, ಜನ ಚೀಲ ಇಟ್ಟು ಹೋಗಿಬಿಡುತ್ತಿದ್ದರು, ಹಿಟ್ಟಾದ ಮೇಲೆ ಬಂದು ಒಯ್ಯುತ್ತಿದ್ದರು. ಗಾಳಿಯಿಲ್ಲದ ಊರಲ್ಲಿ ಗಿರಣಿಯ ಹಿಟ್ಟು ಎಲ್ಲಿಗೆ ಹೋಗಬೇಕು? ತೊಲೆಯ ಮೇಲೆ, ಜೇಡರ ಬಲೆಯ ಮೇಲೆ, ಹೆಂಚಿನ ಸಂದಿಯಲ್ಲಿ, ಅವಳು ಮದುವೆಯಾಗಿ ಬಂದ ವರ್ಷದ ಹಿಟ್ಟಿನಿಂದ ಹಿಡಿದು ಎಲ್ಲವೂ ಅಲ್ಲೇ ಕೂತಿತ್ತು. ಅವಳ ಹುಬ್ಬು ರೆಪ್ಪೆಯ ಮೇಲೂ.

ಒಂದು ಕಾಲಕ್ಕೆ ಅವಳಿಗೂ ಒಬ್ಬ ಸ್ನೇಹಿತೆ ಇದ್ದಳು, ಹಪ್ಪಳದ ಲಿಂಗಾಜಮ್ಮ. ಇಬ್ಬರದೂ ಒಂದೇ ತವರೂರು, ಕುಂಟೆಬಿಲ್ಲೆ ಆಡುವ ವಯಸ್ಸಿನಿಂದ ಜೊತೆಗಿದ್ದವರು. ಆ ಗದ್ದಲದಲ್ಲೂ ಬಂದು ಕೂತು ತುಟಿಯ ಅಲುಗಾಟ ನೋಡಿಕೊಂಡೇ ಹರಟುತ್ತಿದ್ದವಳು ಅವಳೊಬ್ಬಳೇ. ಗಿರಣಿಯಲ್ಲಿ ಒಂದು ಪದ್ಧತಿ ಇದೆ: ಒಬ್ಬರ ಕಾಳು ಮುಗಿದ ಮೇಲೆ, ಇನ್ನೊಬ್ಬರದನ್ನು ಹಾಕುವ ಮುಂಚೆ, ಗಿರಣಿಯವರು ತಮ್ಮ ಡಬ್ಬದಿಂದ ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ಶುದ್ಧ ಮಾಡಬೇಕು. ಒಂದು ಸಲ ಯಾರದೋ ಒಣಮೆಣಸಿನಕಾಯಿ ಬೀಸಿದ ಮೇಲೆ ಲಿಂಗಾಜಮ್ಮನ ಉದ್ದು ಬೀಸಿದ್ದಾಯಿತು. ಹಪ್ಪಳ ಕೆಂಪಗೆ ಕಾಣಿಸಿತು, ಮದುವೆ ಮನೆಯಲ್ಲಿ ಬಾಯಿಗಿಟ್ಟವರೆಲ್ಲ ನೀರು ನೀರು ಅಂದರು. "ಹಿಡಿ ಹಾಕ್ಲಿಲ್ಲ ನೀನು" ಅಂದಳು ಲಿಂಗಾಜಮ್ಮ. "ಹಾಕಿವ್ನಿ" ಅಂದಳು ಚಿಕ್ಕತಾಯಮ್ಮ. "ನನ್ನ ಯಾಪಾರದ ಮ್ಯಾಲೆ ಕಣ್ಣು ನಿಂಗೆ" ಅಂತ ಇವಳು, "ನಿನ್ನ ಹಪ್ಪಳ ಯಾವತ್ತು ನೆಟ್ಟಗಿತ್ತು" ಅಂತ ಅವಳು. ಬೀದಿಯೆಲ್ಲ ನಿಂತು ಕೇಳಿತು. ಅಂದಿನಿಂದ ಲಿಂಗಾಜಮ್ಮ ಉದ್ದಿನ ಚೀಲ ಹೊತ್ತು ಬಸ್ಸಿನಲ್ಲಿ ಪಕ್ಕದೂರಿಗೆ ಹೋಗಿ ಬೀಸಿಸಿಕೊಂಡು ಬರುತ್ತಾಳೆ. ತನ್ನ ಬೀದಿಯಲ್ಲೇ ಗಿರಣಿ ಇಟ್ಟುಕೊಂಡು ಆ ಪಾಡು. ತಪ್ಪು ಯಾರದೋ ನನಗಂತೂ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಸರಿ, ಚಿಕ್ಕತಾಯಮ್ಮ ಕೊನೆಯವಳು ಅಂತ ಗೊತ್ತಾದದ್ದೇ ತಡ, ಗಿರಣಿಯ ಮುಂದೆ ಜಾತ್ರೆ ನೆರೆಯಿತು. ಮೊದಲು ಬಂದವನು ಉಗ್ರಪ್ಪ. ಊರಲ್ಲೇ ದೊಡ್ಡ ಮನೆ, ಎಲ್ಲಿ ನೋಡಿದರೂ ಕಿಟಕಿ, ಒಂದರಲ್ಲೂ ಗಾಳಿಯಿಲ್ಲ. ಅದುವರೆಗೆ ಆಳಿನ ಕೈಲಿ ಗೋಧಿ ಕಳಿಸುತ್ತಿದ್ದವನು ಈಗ ತಾನೇ ಒಂದು ಮೆತ್ತನೆಯ ಸ್ಟೂಲು ಹೊತ್ತುಕೊಂಡು ಬಂದ. "ಅಕ್ಕಾ, ನಿಂತೂ ನಿಂತೂ ಕಾಲು ನೋಯಕ್ಕಿಲ್ವಾ? ಇದರ ಮ್ಯಾಲೆ ಕೂತ್ಕೊ. ನಾವೇನು ಬ್ಯಾರೇನಾ?" ಅಂದ. ಚಿಕ್ಕತಾಯಮ್ಮ ಮಾತು ಕೇಳಿಸಲಿ ಅಂತ ಮಿಷನ್ ಆರಿಸಿದಳು. ಮಾತಾಡುವುದಕ್ಕೋಸ್ಕರ ಅವಳು ಮಿಷನ್ ಆರಿಸಿದ್ದನ್ನು ಎಷ್ಟೋ ವರ್ಷಗಳ ಮೇಲೆ ನಾನು ನೋಡಿದೆ.

ಆಮೇಲೆ ಅವಳಿಗೆ ಪುರುಸೊತ್ತೇ ಇರಲಿಲ್ಲ. ಒಬ್ಬರು ಕಡುಬು ತಂದರೆ ಇನ್ನೊಬ್ಬರು ಹೋಳಿಗೆ. ಒಬ್ಬಳು ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿದಳು, ಬಾಚಣಿಗೆಯ ತುಂಬ ಹಿಟ್ಟು ಬಂದರೂ ಮುಖ ಸಿಂಡರಿಸಲಿಲ್ಲ. ನಾನೂ ಚಕ್ಕುಲಿ ಕೊಟ್ಟಿದ್ದೆ, ಸುಳ್ಳೇಕೆ ಹೇಳಲಿ. ಚಿಕ್ಕತಾಯಮ್ಮನ ದನಿ ತಾನಾಗಿ ತಗ್ಗಿತು. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಸುತ್ತಮುತ್ತ ನೋಡಿ ಒಂದು ಪೌಡರ್ ಡಬ್ಬ ಕೇಳಿದಳು. "ನಿಂಗ್ಯಾಕಕ್ಕ ಪೌಡರು, ಮೈಯೆಲ್ಲ ಅದೇ ಅಲ್ವಾ?" ಅಂತ ನಾನು ರೇಗಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಲ್ಲೇ ಗಾಜಿನ ಪೆಟ್ಟಿಗೆಗೆ ಒರಗಿ ನಿಂತು ಹೇಳಿದಳು:

"ನಂಗೊತ್ತು ಕಣೇ ಸುಲೋಚನಾ. ಗಾಳಿಗೆ ಬತ್ತಾವ್ರೆ, ನಂಗಲ್ಲ. ಆದ್ರೂ ಬತ್ತಾವ್ರಲ್ಲ. ಬೆಳಿಗ್ಗೆ ಎದ್ರೆ ಯಾರಾದ್ರೂ ಬತ್ತಾರೆ ಅಂತ ಇರ್ತದಲ್ಲ, ಅದು ಬಲು ಚಂದ ಕಣೇ."

"ಹಂಗಾರೆ ಯಾರ ಹೆಸರು ಬರೀತೀಯಕ್ಕ?"

"ಬರೆದ್ಮ್ಯಾಲೆ ಯಾರು ಬತ್ತಾರೆ ಹೇಳು" ಅಂದಳು. ಅದೇ ಅವಳ ಸಂಕಟ. ಹೆಸರು ಬರೆಯುವತನಕ ಊರೆಲ್ಲ ತನ್ನದು, ಬರೆದ ಮರುಗಳಿಗೆ ಮತ್ತೆ ಮಿಷನ್ನು, ತಾನು. ಅದೂ ಅಲ್ಲದೆ, ಬರೆದವರ ಮನೆಯಲ್ಲಿ ಗಾಳಿ ಬೀಸದೇ ಹೋದರೆ? ತನಗೆ ಸ್ನೇಹಿತರೇ ಇಲ್ಲ ಅಂತ ಊರಿಗೆ ಡಂಗುರ ಹೊಡೆದ ಹಾಗಾಯಿತಲ್ಲ. "ಇವತ್ತು ಬ್ಯಾಡ, ನಾಳೆ ನೋಡಾನ" ಅಂತ ಅವಳು ದಿನ ದೂಡುತ್ತಿದ್ದಳು, ಜನವೂ ಹಲ್ಲು ಕಿರಿದುಕೊಂಡು "ನಿಧಾನಕ್ಕೆ ಆಗ್ಲಿ ಬಿಡಕ್ಕ" ಅನ್ನುತ್ತಿದ್ದರು.

ಲಿಂಗಾಜಮ್ಮ ಮಾತ್ರ ಬರಲಿಲ್ಲ. ನಿಜ ಹೇಳಬೇಕೆಂದರೆ ಗಾಳಿಯ ಅಗತ್ಯ ಇದ್ದದ್ದು ಅವಳಿಗೇ. ಗಂಡ ತಮ್ಮಯ್ಯನಿಗೆ ಉಬ್ಬಸ. ಆಡುವ ಗಾಳಿ ಮೈಗೆ ತಾಗಿದರೆ ಅವನ ಎದೆ ಹಗುರಾಗುತ್ತದೆ ಅಂತ ಡಾಕ್ಟರೂ ಹೇಳಿದ್ದರು. ಸೊಸೆ ಕೋಟೆಗೆ ಸೇರಿದಾಗ ಅತ್ತೆಯ ಹೆಸರು ಬರೆದಿದ್ದಳು, ಆಗ ಕೆಲವು ದಿನ ಅವನು ಚೆನ್ನಾಗಿ ಮಲಗಿದ್ದ. ಈಗ ಮತ್ತೆ ಜಗಲಿಯ ಕಂಬಕ್ಕೆ ಒರಗಿ, ಬೀಸಿದರೂ ಏನೂ ಬಾರದ ಬೀಸಣಿಗೆ ಹಿಡಿದು, ಮೀನಿನ ಹಾಗೆ ಬಾಯಿ ತೆರೆದು ಕೂತಿರುತ್ತಿದ್ದ. ಗಿರಣಿಯ ಬಾಗಿಲಿಂದ ನೋಡಿದರೆ ಆ ಜಗಲಿ ಕಾಣುತ್ತದೆ. ಚಿಕ್ಕತಾಯಮ್ಮ ನೋಡುತ್ತಿದ್ದಳು, ನೋಡದವಳ ಹಾಗೆ ಮುಖ ತಿರುಗಿಸುತ್ತಿದ್ದಳು.

ಆಮೇಲೊಂದು ದಿನ ಊಟದ ಹೊತ್ತಿನಲ್ಲಿ, ಗಿರಣಿಯಲ್ಲಿ ಯಾರೂ ಇಲ್ಲದಾಗ, ಲಿಂಗಾಜಮ್ಮ ಸರಸರ ಬಂದು ಒಳಗೆ ನಿಂತಳು. ನಾನು ಬಾಕಿ ಚಿಲ್ಲರೆ ಕೊಡಲು ಹೋದವಳು ಅಲ್ಲೇ ಇದ್ದೆ. ಲಿಂಗಾಜಮ್ಮ ಚಿಕ್ಕತಾಯಮ್ಮನ ಮುಖ ಸಹ ನೋಡದೆ, ತೂಗುಹಾಕಿದ್ದ ತಕ್ಕಡಿಯ ಕಡೆ ತಿರುಗಿದಳು.

"ಏ ತಕ್ಕಡೀ, ನಾನು ಯಾರ ಜೊತೆಗೂ ಮಾತಾಡಕ್ಕೆ ಬಂದಿಲ್ಲ. ನಿನ್ನ ಯಜಮಾನಿಗೆ ಒಂದು ಮಾತು ಹೇಳು. ಯಾರ ಹೆಸರೂ ಬರೀಬ್ಯಾಡ ಅನ್ನು. ಬರೆದ ಮಾರನೇ ದಿನ ಈ ಬಾಗಿಲಿಗೆ ಒಂದು ನಾಯಿನೂ ಬರಕ್ಕಿಲ್ಲ. ಬರೀದೆ ಹಿಂಗೇ ಸತಾಯಿಸ್ಲಿ. ಉಂಡ್ಕೊಂಡು ತಿನ್ಕೊಂಡು ನಗ್ತಾ ಇರ್ಲಿ. ನಕ್ಕಿದ್ದು ನಮ್ಮನೆಗಂಟ ಕೇಳಿಸ್ತದೆ."

ಚಿಕ್ಕತಾಯಮ್ಮನೂ ಬಿಟ್ಟುಕೊಡಲಿಲ್ಲ. ಅವಳೂ ತಕ್ಕಡಿಗೇ ಹೇಳಿದಳು, "ಹೇಳ್ದೋರಿಗೂ ಹೆಸರು ಬ್ಯಾಡ್ವಂತಾ ಕೇಳು. ಅವರ ಮನೇಲೂ ಗಾಳಿಗೆ ಕಾಯ್ತಾ ಕೂತೋರು ಅವ್ರೆ."

"ನಮ್ಮನೆ ಪಾಡು ನಮಗಿರ್ಲಿ" ಅಂದು ಲಿಂಗಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಟುಹೋದಳು. "ಕೇಳ್ಲಿಲ್ವಲ್ಲೇ ಅವಳು" ಅಂದಳು ಚಿಕ್ಕತಾಯಮ್ಮ ನನಗೆ. "ಎಲ್ಲಾರೂ ನನ್ನ ಹೆಸರು ಬರಿ ಅಂತ ಕೇಳಿದ್ರು. ಅವಳು ಕೇಳ್ಲಿಲ್ಲ."

ಮಾರನೇ ದಿನ ಹತ್ತು ಗಂಟೆಯ ಹೊತ್ತಿಗೆ ಉಗ್ರಪ್ಪ ಕಡುಬಿನ ಡಬ್ಬದ ಸಮೇತ ಹಾಜರಾಗಿದ್ದ, ಇನ್ನೂ ಹಲವರಿದ್ದರು. ಚಿಕ್ಕತಾಯಮ್ಮ ಮಿಷನ್ ಆರಿಸಿ "ಸುಲೋಚನಾ, ನಿನ್ನ ಹಳೇ ಫೋನ್ ತಾ" ಅಂತ ಕೂಗಿದಳು. ನಾನು ಓಡಿ ತಂದೆ. ಅವಳು ಹಿಟ್ಟಿನ ಬೆರಳಿಂದ ಒಂದೊಂದೇ ಅಕ್ಷರ ಒತ್ತಿದಳು, ಗಾಜಿನ ಮೇಲೆ ಬಿಳಿ ಬೊಟ್ಟುಗಳು ಉಳಿದವು. ಕೋಟೆಯ ಹೆಬ್ಬಾಗಿಲು ತೆರೆಯಿತು. ಕರೆತಂದವರ ಬೊಂಬೆ ಬಾಗಿಲಲ್ಲಿ ನಿಂತು ಸ್ವಾಗತಿಸುತ್ತದೆ, ಅದು ಆಟದ ರೀತಿ. ಅಲ್ಲಿ ದೊಡ್ಡ ಮೀಸೆಯ, ಕೆಂಪು ಕವಚದ ಒಬ್ಬ ಸಿಪಾಯಿ ಕೈಮುಗಿದು ನಿಂತಿದ್ದ. ತಲೆಯ ಮೇಲೆ ಹೆಸರಿತ್ತು: ಲಿಂಗಾಜಮ್ಮ.

"ಅಯ್ಯೋ ಇವಳ, ಮೀಸೆ ಇಟ್ಕೊಂಡವಳೆ!" ಅಂತ ಚಿಕ್ಕತಾಯಮ್ಮ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

ಉಗ್ರಪ್ಪನ ಮುಖ ಹರಳೆಣ್ಣೆ ಕುಡಿದವರ ಮುಖವಾಯಿತು. ಉಳಿದವರು ನೋಡೇಬಿಡೋಣ ಅಂತ ಲಿಂಗಾಜಮ್ಮನ ಮನೆಗೆ ಓಡಿದರು. ಸೊಸೆ ಗಡಿಬಿಡಿಯಲ್ಲಿ ಬಾಗಿಲುಗಳನ್ನೆಲ್ಲ ತೆರೆದಳು, ಹಸಿ ಹಪ್ಪಳ ಹರವಿದಳು, ಮಾವನನ್ನು ಎಬ್ಬಿಸಿ ನಡುಮನೆಯಲ್ಲಿ ಕೂರಿಸಿದಳು. ಲಿಂಗಾಜಮ್ಮ ಮನೆಯಲ್ಲಿರಲಿಲ್ಲ, ಬೆಳಿಗ್ಗೆಯೇ ಉದ್ದಿನ ಚೀಲ ಹೊತ್ತು ಪಕ್ಕದೂರಿಗೆ ಹೋಗಿದ್ದಳು. ಎಲ್ಲರೂ ಕಾದರು. ಹಪ್ಪಳ ಹಸಿಯಾಗೇ ಇತ್ತು. ತಮ್ಮಯ್ಯ ಬಾಯಿ ತೆರೆದುಕೊಂಡು ಹಿಂಬಾಗಿಲನ್ನೇ ನೋಡುತ್ತಿದ್ದ. ದೇವರ ಮುಂದಿನ ಊದುಕಡ್ಡಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಜನ ಗಿರಣಿಗೆ ವಾಪಸು ಬಂದರು. "ಒಂದು ಎಳೆ ಗಾಳಿನೂ ಇಲ್ಲ" ಅಂದ ಉಗ್ರಪ್ಪ. "ಇದ್ದ ಒಂದು ಹೆಸರ್ನೂ ನೀರಿಗಾಕ್ದೆ. ಅವಳಿಗೆ ನಿನ್ನ ಕಂಡ್ರೆ ಆಗಕ್ಕಿಲ್ಲ ಅಂತ ಊರಿಗೇ ಗೊತ್ತಿತ್ತಲ್ಲ ತಾಯಿ." ಅಕ್ಕ ಹೋಗಿ ತಾಯಿಯಾಗಿದ್ದಳು. ಹೋಗುವಾಗ ಅವನು ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡ. ಅವನ ಹಿಂದೆ ಒಬ್ಬೊಬ್ಬರೇ ಕರಗಿದರು, ಹೋಳಿಗೆ ತಂದವರು ಖಾಲಿ ಪಾತ್ರೆ ಕೇಳಿ ಇಸಿದುಕೊಂಡರು.

ಚಿಕ್ಕತಾಯಮ್ಮ ಕಾಳಿಲ್ಲದಿದ್ದರೂ ಮಿಷನ್ ಹಾಕಿದಳು. ಬರಿಗಲ್ಲು ತಿರುಗಿದರೆ ಸವೆಯುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಆದರೂ ಹಾಕಿದಳು. ಆ ಸದ್ದಿನ ಮರೆಯಲ್ಲಿ ಅವಳು ಅಳುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಹೋಗಿ ಪಕ್ಕದಲ್ಲಿ ಕೂರಲೇ ಅಂದರೆ ಅವಳು ಕೈಬೀಸಿ ಹೋಗು ಅಂದಳು.

ಸಂಜೆಯ ಬಸ್ಸು ಬಂದು ನಿಂತಿತು. ನನ್ನ ಅಂಗಡಿಯ ಮುಂದೆ ಟೇಪು ರಿಬ್ಬನ್ನುಗಳ ಗೊಂಚಲು ತೂಗುಹಾಕಿರುತ್ತೇನೆ. ಅಂಗಡಿ ಶುರುಮಾಡಿದಾಗಿನಿಂದ ಅವು ಒಂದು ದಿನವೂ ಅಲುಗಿದ್ದಿಲ್ಲ. ಆ ರಿಬ್ಬನ್ನುಗಳು ಮೆಲ್ಲಗೆ ತಲೆಯೆತ್ತಿದವು. ನಾನು ಭೂಕಂಪವೇನೋ ಅಂದುಕೊಂಡು ಹೊರಗೆ ಬಂದೆ. ಬಸ್ಸಿನ ಕಡೆಯಿಂದ ಲಿಂಗಾಜಮ್ಮ ಹಿಟ್ಟಿನ ಚೀಲ ಹೊತ್ತು ಬರುತ್ತಿದ್ದಳು. ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು, ಒಂದು ಕೈಲಿ ಅದನ್ನು ಹಿಡಿದುಕೊಳ್ಳುತ್ತ "ಏನೇ ಇದು ಸುಲೋಚನಾ, ಬೆಳಗಿಂದ ಹಿಂಗೇ ಬೆನ್ನು ಹತ್ತಿ ಬತ್ತದೆ. ಆ ಊರ ಗಾಳಿ ಅಂದ್ಕೊಂಡೆ, ಬಸ್ಸಿನ ಕಿಟಕಿ ಗಾಳಿ ಅಂದ್ಕೊಂಡೆ, ಇಳಿದ್ರೂ ಬಿಡ್ತಿಲ್ಲ!" ಅಂತ ಕೂಗಿದಳು.

ನನಗೆ ಆಗ ಹೊಳೆಯಿತು, ನಾವು ಎಂಥ ಪೆದ್ದರು ಅಂತ. ಗಾಳಿ ಮನೆಗೆ ಬರುತ್ತದೆ ಅಂತ ಹೊಸ್ತಿಲೊಳಗೆ ಕೂತಿದ್ದೆವು. ಅದು ಬರುತ್ತಿದ್ದದ್ದು ಮನುಷ್ಯರಿಗೆ! "ಅಕ್ಕಾ, ಚಿಕ್ಕತಾಯಕ್ಕ ನಿನ್ನ ಹೆಸರು ಬರೆದವಳೆ" ಅಂದೆ. ಲಿಂಗಾಜಮ್ಮ ಚೀಲ ಕೆಳಗಿಟ್ಟಳು. ಮನೆಯ ಕಡೆ ಹೋಗಲಿಲ್ಲ. ನೇರ ಗಿರಣಿಯ ಮೆಟ್ಟಿಲು ಹತ್ತಿದಳು, ಗಾಳಿಯೂ ಅವಳ ಹಿಂದೆ ಒಳಗೆ ನುಗ್ಗಿತು.

ಆಮೇಲೆ ಆದದ್ದನ್ನು ಏನು ಹೇಳಲಿ. ತೊಲೆ, ಹೆಂಚು, ಬಲೆಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಹಿಟ್ಟೆಲ್ಲ ಒಮ್ಮೆಗೇ ಎದ್ದಿತು. ರಾಗಿ, ಜೋಳ, ಗೋಧಿ, ಅಕ್ಕಿ, ಯಾರ ಮನೆಯದು ಯಾವುದು ಅಂತ ಯಾರು ಹೇಳಬೇಕು, ಬಾಗಿಲಿಂದ ಹೊರಬಿದ್ದು ಬೀದಿಗೆ ಬೀದಿಯನ್ನೇ ಬೆಳ್ಳಗೆ ಮಾಡಿತು. ಎಲ್ಲೋ ಕೊನೆಗೆ ಒಂದಿಷ್ಟು ಹಳೆಯ ಖಾರದ ಪುಡಿಯೂ ಇತ್ತು ಅಂತ ಕಾಣುತ್ತದೆ, ಊರೆಲ್ಲ ಸೀನತೊಡಗಿತು. ಉಗ್ರಪ್ಪ ಮೂಗು ಹಿಡಿದುಕೊಂಡು ಓಡಿಬಂದ. ಒಳಗೆ ಚಿಕ್ಕತಾಯಮ್ಮ ಮಿಷನ್ ಆರಿಸಿ ಕಲ್ಲಿನ ಹಾಗೆ ನಿಂತಿದ್ದಳು. ಅವಳ ಹುಬ್ಬಿನ ಹಿಟ್ಟೂ ಹಾರಿಹೋಗಿತ್ತು, ಹುಬ್ಬು ಇನ್ನೂ ಕಪ್ಪಗೇ ಇತ್ತು. ಲಿಂಗಾಜಮ್ಮ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದಳು.

"ಬರೀಬ್ಯಾಡ ಅಂದಿರ್ಲಿಲ್ವೇನೇ ನಾನು?" ಅಂತ ಲಿಂಗಾಜಮ್ಮ ಕೇಳಿದಳು. ಈ ಸಲ ತಕ್ಕಡಿಗಲ್ಲ, ಅವಳಿಗೇ.

"ತಕ್ಕಡಿ ನಂಗೆ ಹೇಳ್ಲೇ ಇಲ್ಲ" ಅಂದಳು ಚಿಕ್ಕತಾಯಮ್ಮ. ಇಬ್ಬರೂ ತಬ್ಬಿಕೊಂಡು ಗೊಳೋ ಅಂತ ಅತ್ತರು. ಅಳುತ್ತಲೇ ಚಿಕ್ಕತಾಯಮ್ಮ ಅವಳನ್ನು ಬಾಗಿಲ ಕಡೆ ದಬ್ಬಿದಳು, "ಹೋಗೇ, ಮನೆಗೋಗು, ಅಲ್ಲಿ ತಮ್ಮಯ್ಯಣ್ಣ ಕಾಯ್ತಾವ್ನೆ" ಅಂತ. ಲಿಂಗಾಜಮ್ಮ ಅವಳ ಕೈ ಬಿಡಲಿಲ್ಲ. ಇಬ್ಬರೂ ಬೀದಿಯಲ್ಲಿ ನಡೆದು ಹೋದರು, ಅವರು ದಾಟಿದ ಮನೆಗಳ ಪರದೆಗಳೆಲ್ಲ ಎದ್ದು ಬಿದ್ದವು. ಜಗಲಿಗೆ ಬಂದು ಕೂತಿದ್ದ ತಮ್ಮಯ್ಯ ಎದೆ ತುಂಬ ಉಸಿರೆಳೆದುಕೊಂಡು, ಬೀಸಣಿಗೆ ಕೆಳಗಿಟ್ಟು, "ಬಾರಮ್ಮ ಚಿಕ್ಕತಾಯಿ, ಬಾಳ ದಿನ ಆಯ್ತು" ಅಂದ.

ಮರುದಿನದಿಂದ ಕಡುಬು, ಹೋಳಿಗೆ ನಿಂತವು. ಲಿಂಗಾಜಮ್ಮ ಹೇಳಿದ್ದ ನಾಯಿಯೂ ಬರಲಿಲ್ಲ. ಆದರೆ ಬೆಳಿಗ್ಗೆ ಅವಳೇ ಬಂದಳು, ತಮ್ಮಯ್ಯನ ಕೈಹಿಡಿದು ಕರೆತಂದು ಗಿರಣಿಯ ಬೆಂಚಿನ ಮೇಲೆ ಕೂರಿಸಿದಳು, ಉದ್ದಿನ ಚೀಲ ಇಳಿಸಿದಳು. ಚಿಕ್ಕತಾಯಮ್ಮ ಯಾರದೋ ಮೆಣಸಿನಕಾಯಿ ಬೀಸಿ ಮುಗಿಸಿದ್ದಳಷ್ಟೆ. ಡಬ್ಬದಿಂದ ಒಂದು ಹಿಡಿ ಅಕ್ಕಿ ತೆಗೆದು ಕೈ ಎತ್ತಿ ಹಿಡಿದು, "ನೋಡೇ ಇಲ್ಲಿ, ಎಲ್ಲಾರ ಎದುರಿಗೆ ಹಾಕ್ತಿವ್ನಿ, ಆಮ್ಯಾಕೆ ಹಾಕ್ಲಿಲ್ಲ ಅನ್ಬ್ಯಾಡ" ಅಂತ ಕೂಗಿದಳು.

ಲಿಂಗಾಜಮ್ಮ ಬೀದಿಯ ಕಡೆ ಮುಖ ಮಾಡಿಕೊಂಡು ತಲೆಗೂದಲು ಗಾಳಿಗೆ ಒಣಗಿಸಿಕೊಳ್ಳುತ್ತಿದ್ದಳು. ಅವಳು ತಿರುಗಿಯೂ ನೋಡಲಿಲ್ಲ.

"ನಾನ್ಯಾಕೆ ನೋಡ್ಲಿ? ಹಾಕೇ ನೀನು."